ಕಡಲ ನಡುವಿನ ಉಕ್ಕು ಎಷ್ಟು ವರ್ಷ ತಾಳುತ್ತದೆ? ಫಟೀಗ್ ಲೆಕ್ಕ ಹಾಕುವ ಬಗೆ

ಕಡಲಲ್ಲಿರುವ ತೈಲ ಪ್ಲಾಟ್‌ಫಾರಂನ ಉಕ್ಕು ಅಲೆಯ ಬಡಿತಕ್ಕೆ ಮತ್ತೆ ಮತ್ತೆ ಸಿಕ್ಕಿ ದಣಿದು ಬಿರುಕು ಬಿಡುವುದೇ ಫಟೀಗ್. ಅದರ ಲೆಕ್ಕಕ್ಕೆ ಮೊದಲು ಡ್ರಾಯಿಂಗ್ ಬಿಚ್ಚಿ. ಸಾಫ್ಟ್‌ವೇರ್ ಆಮೇಲೆ ತೆರೆದರಾಯಿತು. ದೊಡ್ಡ ಕಾಲು, ಕಾಲುಗಳನ್ನು ಬಿಗಿಯುವ ದೊಡ್ಡ ಬ್ರೇಸ್ ಪೈಪ್ ಎಲ್ಲರ ಕಣ್ಣಿಗೂ ಬೀಳುತ್ತವೆ, ಅವುಗಳ ಲೆಕ್ಕ ಯಾರಾದರೂ ಮಾಡೇ ಮಾಡುತ್ತಾರೆ. ನೀವು ಹುಡುಕಬೇಕಾದದ್ದು ಅವುಗಳ ಮೈಮೇಲೆ ಯಾವುದೋ ಕೆಲಸಕ್ಕೆ ಅಂತ ವೆಲ್ಡ್ ಮಾಡಿದ ಸಣ್ಣ ಸಣ್ಣ ತುಂಡುಗಳನ್ನು. ಕೇಬಲ್ ಹಿಡಿಯುವ ಪಟ್ಟಿ, ಆನೋಡ್‌ನ (ಉಕ್ಕಿನ ಬದಲು ತಾನು ಸವೆದು ತುಕ್ಕು ತಡೆಯುವ ಲೋಹದ ತುಂಡಿನ) ಕಾಲು, ಪೈಪ್ ಸಪೋರ್ಟ್, ಎತ್ತುವಾಗ ಕೊಕ್ಕೆ ಹಾಕಲು ಕೊಟ್ಟ ಕಿವಿ. ಕೆಂಪು ಪೆನ್ ಹಿಡಿದು ಒಂದೊಂದಕ್ಕೂ ಸುತ್ತು ಹಾಕಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, 1980ರ ಮಾರ್ಚ್ 27ರ ಸಂಜೆ ಉತ್ತರ ಸಮುದ್ರದ ನಾರ್ವೆ ಭಾಗದಲ್ಲಿ, ಎಕೋಫಿಸ್ಕ್ ತೈಲ ಪ್ರದೇಶದಲ್ಲಿ, ಅಲೆಕ್ಸಾಂಡರ್ ಎಲ್. ಕೀಲಾಂಡ್ ಎಂಬ ತೇಲುವ ರಿಗ್ ಮಗುಚಿತು. ಐದು ಕಂಬಗಳ ರಿಗ್ ಅದು. ಆಗ ಕೆಲಸಗಾರರ ವಸತಿಗೆ ಬಳಸುತ್ತಿದ್ದರು. ಮೇಲಿದ್ದ 212 ಜನರಲ್ಲಿ 123 ಜನ ತೀರಿಕೊಂಡರು. ರಿಗ್ ಕೆಲಸಕ್ಕೆ ಇಳಿದದ್ದು 1976ರಲ್ಲಿ, ಅಂದರೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಒಂದು ಬ್ರೇಸ್‌ಗೆ ಹೈಡ್ರೋಫೋನ್ (ನೀರಿನೊಳಗಿನ ಶಬ್ದ ಹಿಡಿಯುವ ಮೈಕ್) ಕೂರಿಸಲು ತೂತು ಕೊರೆದು ಒಂದು ಹಿಡಿಕೆ ವೆಲ್ಡ್ ಮಾಡಿದ್ದರು. ಅದನ್ನು ಕಟ್ಟಡದ ಭಾಗ ಅಂತ ಯಾರೂ ಎಣಿಸಿರಲಿಲ್ಲ, ಅದೊಂದು ಬಿಡಿ ಸಾಮಾನು ಅಷ್ಟೇ. ಅದರ 6 ಮಿಲಿಮೀಟರ್ ಫಿಲೆಟ್ ವೆಲ್ಡ್‌ನಲ್ಲಿ, ಅಂದರೆ ಮೂಲೆಗೆ ತುಂಬಿದ ವೆಲ್ಡ್‌ನಲ್ಲಿ, ಬಿರುಕು ಹುಟ್ಟಿತು, ಅಲೆ ಬಡಿದಂತೆಲ್ಲ ಬೆಳೆಯಿತು, ಕೊನೆಗೆ ಬ್ರೇಸನ್ನೇ ಸುತ್ತುವರಿದು ಮುರಿಯಿತು. ಅದೇ ಕಂಬವನ್ನು ಹಿಡಿದಿದ್ದ ಉಳಿದ ಐದು ಬ್ರೇಸ್‌ಗಳು ಭಾರ ತಾಳದೆ ಹೋದವು, ಕಂಬ ಕಳಚಿಕೊಂಡಿತು. ತನಿಖೆಯವರಿಗೆ ಬಿರುಕಿನ ಒಳಗೆ ಬಣ್ಣ ಸಿಕ್ಕಿತು. ಅಂದರೆ ಯಾರ್ಡ್‌ನಲ್ಲಿ ಬಣ್ಣ ಬಳಿಯುವ ಹೊತ್ತಿಗೇ ಅಲ್ಲಿ ಬಿರುಕು ಇತ್ತು.

ಆದ್ದರಿಂದ ಡ್ರಾಯಿಂಗ್ ಮೊದಲು.

ಲೆಕ್ಕ ಏನನ್ನು ಕೇಳುತ್ತದೆ

ಸ್ಟ್ರೆಂತ್ ಲೆಕ್ಕದಲ್ಲಿ ನೂರು ವರ್ಷಕ್ಕೊಮ್ಮೆ ಬರುವ ಅಲೆಯನ್ನು ತಡೆಯುತ್ತದೆಯಾ ಅಂತ ನೋಡುತ್ತೇವೆ. ಫಟೀಗ್ ಲೆಕ್ಕದ ಪ್ರಶ್ನೆಯೇ ಬೇರೆ. ದಿನವೂ ಬರುವ ಸಾಮಾನ್ಯ ಅಲೆಗಳು, ಒಂದೊಂದೂ ಏನೂ ಮಾಡದಂಥವು, ವರ್ಷಕ್ಕೆ ಸುಮಾರು 50 ಲಕ್ಷ ಬಂದು ಬಡಿದರೆ ಏನಾಗುತ್ತದೆ? 20 ವರ್ಷಕ್ಕೆ ಹತ್ತು ಕೋಟಿ ಬಡಿತ. ಹನಿ ಹನಿ ಕೂಡಿದರೆ ಹಳ್ಳ ಅಂತೀವಲ್ಲ, ಇಡೀ ಲೆಕ್ಕ ಅದೇ.

ಇಲ್ಲಿ ಎರಡು ಮಾತು ಗಟ್ಟಿ ಮಾಡಿಕೊಳ್ಳಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಒಂದು, ವೆಲ್ಡ್ ಮಾಡಿದ ಉಕ್ಕಿಗೆ ಎಷ್ಟು ದೊಡ್ಡ ಸ್ಟ್ರೆಸ್ (ಇಷ್ಟು ಜಾಗಕ್ಕೆ ಇಷ್ಟು ಅಂತ ಬೀಳುವ ಬಲ) ಇದೆ ಅನ್ನುವುದಕ್ಕಿಂತ ಅದು ಎಷ್ಟು ಏರಿ ಎಷ್ಟು ಇಳಿಯುತ್ತದೆ ಅನ್ನುವುದು ಮುಖ್ಯ. ವೆಲ್ಡ್ ತಣ್ಣಗಾಗುವಾಗ ಒಳಗೆ ದೊಡ್ಡ ಎಳೆತ ಉಳಿದುಬಿಡುತ್ತದೆ. ಹಾಗಾಗಿ ಹೊರಗಿನಿಂದ ಬರುವುದು ಅದುಮುವ ಸ್ಟ್ರೆಸ್ ಆದರೂ ವೆಲ್ಡ್ ಮಟ್ಟಿಗೆ ಅದು ಎಳೆತದೊಳಗಿನ ಏರಿಳಿತವೇ, ಪೂರ್ತಿ ಎಣಿಸಬೇಕು. ಎರಡು, ಗಟ್ಟಿ ದರ್ಜೆಯ ಉಕ್ಕು ಹಾಕಿದರೆ ಫಟೀಗ್ ಆಯಸ್ಸು ಹೆಚ್ಚುತ್ತದೆ ಅನ್ನುವುದು ತಪ್ಪು. ವೆಲ್ಡ್ ಅಂಚಿನಲ್ಲಿ ಮೊದಲೇ ಇರುವ ಸಣ್ಣ ಕುಳಿಯಿಂದ ಬಿರುಕು ಶುರುವಾಗುತ್ತದೆ, ಅದು ಬೆಳೆಯುವ ವೇಗಕ್ಕೂ ಉಕ್ಕಿನ ದರ್ಜೆಗೂ ಹೆಚ್ಚು ಸಂಬಂಧ ಇಲ್ಲ. ಗಟ್ಟಿ ಉಕ್ಕು ಅಂತ ಪ್ಲೇಟ್ ತೆಳು ಮಾಡಿದರೆ ಸ್ಟ್ರೆಸ್ ಏರಿ ಆಯಸ್ಸು ಇನ್ನೂ ಕಡಿಮೆಯಾಗುತ್ತದೆ.

ಅಲೆಗಳ ಪಟ್ಟಿ

ಮೊದಲು ಬೇಕಾದದ್ದು ಆ ಜಾಗದ ಸ್ಕ್ಯಾಟರ್ ಡಯಾಗ್ರಾಂ. ಎಷ್ಟು ಎತ್ತರದ, ಎಷ್ಟು ಸೆಕೆಂಡ್ ಅವಧಿಯ ಅಲೆಗಳು ವರ್ಷದಲ್ಲಿ ಎಷ್ಟು ಹೊತ್ತು ಇರುತ್ತವೆ ಅನ್ನುವ ಚೌಕಳಿ ಪಟ್ಟಿ ಅದು. ದಿಕ್ಕಿನ ಪ್ರಕಾರ ಬೇರೆ ಬೇರೆ ಪಟ್ಟಿ ಕೇಳಿ ಪಡೆಯಿರಿ, ಎಂಟು ದಿಕ್ಕಾದರೂ ಇರಲಿ.

ದಿಕ್ಕು ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಅರಬ್ಬಿ ಸಮುದ್ರವೇ ಸಾಕು. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕಿರುವ ಮುಂಬೈ ಹೈನಲ್ಲಿ ತೈಲ ಸಿಕ್ಕಿದ್ದು 1974ರಲ್ಲಿ, ಉತ್ಪಾದನೆ ಶುರುವಾದದ್ದು 1976ರಲ್ಲಿ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಲೆ ನೈಋತ್ಯ, ಪಶ್ಚಿಮದ ಕಡೆಯಿಂದಲೇ ನುಗ್ಗುತ್ತದೆ, ಉಳಿದ ತಿಂಗಳು ಬಹುಪಾಲು ಶಾಂತ. ಮಂಗಳೂರು, ಮಲ್ಪೆ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಇಂಥ ಕಡೆ ಅಲೆಗಳನ್ನು ಎಂಟು ದಿಕ್ಕಿಗೂ ಸಮನಾಗಿ ಹಂಚಿಬಿಟ್ಟರೆ ನೈಋತ್ಯಕ್ಕೆ ಎದುರಾದ ಜಾಯಿಂಟ್‌ನ ಡ್ಯಾಮೇಜ್ ಸುಳ್ಳು ಸುಳ್ಳೇ ಕಡಿಮೆ ಕಾಣುತ್ತದೆ.

ಅಲೆಯಿಂದ ಸ್ಟ್ರೆಸ್‌ಗೆ

ಜಾಕೆಟ್ ಅಂದರೆ ಸಮುದ್ರದ ತಳದಿಂದ ಮೇಲಕ್ಕೆ ಕಾಲು, ಬ್ರೇಸ್‌ಗಳಿಂದ ಹೆಣೆದ ಪೈಪ್ ಚೌಕಟ್ಟು. ಇದಕ್ಕೆ ಅಲೆಯ ಬಲವನ್ನು ಮೋರಿಸನ್ ಸೂತ್ರದಿಂದ ಹಾಕುತ್ತೇವೆ. ಮಾಡೆಲ್‌ನಲ್ಲಿ ಪೈಲ್ (ಜಾಕೆಟನ್ನು ತಳಕ್ಕೆ ನಾಟುವ ಕಂಬ) ಮತ್ತು ಮಣ್ಣಿನ ಬಿಗಿತ ಇರಲಿ. ಪೈಪ್ ಮೇಲೆ ಬೆಳೆಯುವ ಚಿಪ್ಪು, ಪಾಚಿಯ ದಪ್ಪವೂ ಇರಲಿ, ಯಾಕಂದರೆ ಪೈಪ್ ದಪ್ಪವಾದಷ್ಟೂ ಅಲೆಯ ಬಲ ಜಾಸ್ತಿ. ಕಟ್ಟಡ ತಾನಾಗಿ ತೂಗುವ ಅವಧಿ 3 ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಸ್ಟ್ಯಾಟಿಕ್ ಲೆಕ್ಕ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ಅಲೆಗಳ ತಾಳಕ್ಕೆ ಅದೂ ಕುಣಿಯಲು ಶುರುಮಾಡುತ್ತದೆ, ಆಗ ಡೈನಾಮಿಕ್ ಲೆಕ್ಕ ಬೇಕೇ ಬೇಕು.

ಈಗ ಒಂದು ಸೂಕ್ಷ್ಮ. ಬೇರೆ ಬೇರೆ ಅವಧಿಯ ಅಲೆಗೆ ಸ್ಟ್ರೆಸ್ ಎಷ್ಟು ಅಂತ ತೆಗೆಯುವಾಗ 4, 6, 8, 10 ಸೆಕೆಂಡ್ ಅಂತ ಸುಮ್ನೆ ಸಮ ಅಂತರದಲ್ಲಿ ಆರಿಸಬೇಡಿ. ಆಳದ ನೀರಲ್ಲಿ ಅಲೆಯ ಉದ್ದ ಅಂದರೆ 1.56 ಗುಣಿಸು ಅವಧಿಯ ವರ್ಗ. ಜಾಕೆಟ್‌ನ ಎರಡು ಸಾಲು ಕಾಲುಗಳ ನಡುವೆ 40 ಮೀಟರ್ ಇದೆ ಅಂದುಕೊಳ್ಳಿ. 40 ಮೀಟರ್ ಉದ್ದದ ಅಲೆ, ಅಂದರೆ ಸುಮಾರು 5 ಸೆಕೆಂಡ್‌ನದು, ಎರಡೂ ಸಾಲನ್ನು ಒಟ್ಟಿಗೆ ಒಂದೇ ಕಡೆ ತಳ್ಳುತ್ತದೆ. 80 ಮೀಟರ್ ಉದ್ದದ್ದು, ಅಂದರೆ 7.2 ಸೆಕೆಂಡ್‌ನದು, ಒಂದು ಸಾಲನ್ನು ಮುಂದಕ್ಕೆ ತಳ್ಳಿದರೆ ಇನ್ನೊಂದನ್ನು ಹಿಂದಕ್ಕೆ ಎಳೆಯುತ್ತದೆ, ಒಟ್ಟು ಬಲ ಹೆಚ್ಚುಕಮ್ಮಿ ಸೊನ್ನೆಗೆ ಹತ್ತಿರ. ನೀವು ಆರಿಸಿದ ಅವಧಿಗಳು ಅಕಸ್ಮಾತ್ ಈ ಹಳ್ಳಗಳ ಮೇಲೇ ಬಿದ್ದು ದಿಬ್ಬಗಳನ್ನು ತಪ್ಪಿಸಿಕೊಂಡರೆ ಉತ್ತರ ಚೆನ್ನಾಗಿ ಬರುತ್ತದೆ, ಆದರೆ ಅದು ನಿಜವಲ್ಲ. ಮೊದಲು ಕಾಗದದ ಮೇಲೆ ಈ ಅವಧಿಗಳನ್ನು ಲೆಕ್ಕ ಹಾಕಿ, ಅವುಗಳ ಆಚೀಚೆ ಒತ್ತೊತ್ತಾಗಿ ಅಲೆ ಆರಿಸಿ.

ಇದಾದ ಮೇಲೆ ಸ್ಪೆಕ್ಟ್ರಲ್ ದಾರಿ ಹಿಡಿಯಬಹುದು, ಅಂದರೆ ಒಂದೊಂದು ಅವಧಿಯ ಅಲೆ ಕೊಡುವ ಸ್ಟ್ರೆಸ್ಸನ್ನು ಅಲೆಗಳ ಪಟ್ಟಿಗೆ ಸೇರಿಸಿ ಅಂಕಿಅಂಶದ ಲೆಕ್ಕದಲ್ಲಿ ಏರಿಳಿತ ತೆಗೆಯುವುದು. ಅಥವಾ ಟೈಮ್ ಹಿಸ್ಟರಿ, ಅಂದರೆ ಕ್ಷಣ ಕ್ಷಣದ ಸ್ಟ್ರೆಸ್, ಓಡಿಸಿ ರೈನ್‌ಫ್ಲೋ ವಿಧಾನದಲ್ಲಿ ಏರಿಳಿತ ಎಣಿಸಬಹುದು, ಇದು ಜಪಾನಿನಲ್ಲಿ 1968ರಲ್ಲಿ ಎಂಡೋ ಮತ್ತು ಮತ್ಸುಯಿಶಿ ಕೊಟ್ಟದ್ದು. ಮಾಮೂಲಿ ಜಾಕೆಟ್‌ಗೆ ಸ್ಪೆಕ್ಟ್ರಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ನೀರಿನ ಮಟ್ಟದ ಹತ್ತಿರದ ಬ್ರೇಸ್‌ಗಳಿಗೆ ಮಾತ್ರ ಟೈಮ್ ಹಿಸ್ಟರಿಯಲ್ಲಿ ಒಮ್ಮೆ ತಾಳೆ ನೋಡಿ, ಅವು ಒಮ್ಮೆ ಮುಳುಗಿ ಒಮ್ಮೆ ಏಳುವುದರಿಂದ ಸ್ಪೆಕ್ಟ್ರಲ್ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ತೈಲ ಬಾವಿಯ ಕಂಡಕ್ಟರ್ ಪೈಪ್‌ಗಳನ್ನು ಹಿಡಿದಿಡುವ ಅಡ್ಡ ಚೌಕಟ್ಟೂ ಹಾಗೆಯೇ. ಮೇಲಕ್ಕೂ ಕೆಳಕ್ಕೂ ಬಡಿಯುವ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಉತ್ತರ ಸಮುದ್ರದ ಹಳೇ ಪ್ಲಾಟ್‌ಫಾರಂಗಳಲ್ಲಿ ಅಲ್ಲೇ ಬಿರುಕು ಬಿಟ್ಟಿವೆ.

ಹಾಟ್ ಸ್ಪಾಟ್

ಬ್ರೇಸ್ ಕಾಲಿಗೆ ಸೇರುವ ಕಡೆ ಸ್ಟ್ರೆಸ್ ಸುತ್ತಲೂ ಒಂದೇ ಸಮ ಇರುವುದಿಲ್ಲ. ಪಕ್ಕದ ಭಾಗಕ್ಕೆ ಸ್ಯಾಡಲ್, ಕಾಲಿನ ಉದ್ದಕ್ಕೆ ಇರುವ ತುದಿಗೆ ಕ್ರೌನ್ ಅನ್ನುತ್ತಾರೆ. ಬ್ರೇಸ್‌ನಲ್ಲಿ ಸ್ಟ್ರೆಸ್ 10 ಮೆಗಾಪ್ಯಾಸ್ಕಲ್ ಇದ್ದರೆ ವೆಲ್ಡ್ ಅಂಚಿನಲ್ಲಿ 30, 50 ಕೂಡ ಆಗಬಹುದು. ಹೀಗೆ ಸ್ಟ್ರೆಸ್ ಏರುವ ಜಾಗವೇ ಹಾಟ್ ಸ್ಪಾಟ್. ಎಷ್ಟು ಪಟ್ಟು ಏರಿತು ಅನ್ನುವ ಅಂಕಿಗೆ ಎಸ್‌ಸಿಎಫ್ (ಸ್ಟ್ರೆಸ್ ಕಾನ್ಸಂಟ್ರೇಷನ್ ಫ್ಯಾಕ್ಟರ್) ಅಂತ ಹೆಸರು. ಪೈಪ್ ಜಾಯಿಂಟ್‌ಗಳಿಗೆ ಎಫ್ತಿಮಿಯು ಸೂತ್ರಗಳಿವೆ, ಎಲ್ಲ ಕಡೆ ಅವನ್ನೇ ಬಳಸುತ್ತಾರೆ. ಸುತ್ತಲೂ ಎಂಟು ಜಾಗದಲ್ಲಿ ಲೆಕ್ಕ ಹಾಕಬೇಕು, ಬ್ರೇಸ್ ಕಡೆಗೂ ಕಾಲಿನ ಕಡೆಗೂ. ಎರಡು ದಿಕ್ಕಿನ ಬಾಗು ಮತ್ತು ನೇರ ಎಳೆತದ ಪಾಲು ಸೇರಿ ಆ ಎಂಟರಲ್ಲಿ ಒಂದು ಕಡೆ ಕೆಟ್ಟದಾಗಿರುತ್ತದೆ.

ಸೂತ್ರಕ್ಕೆ ಗಾತ್ರದ ಮಿತಿಗಳಿವೆ. ನಿಮ್ಮ ಜಾಯಿಂಟ್ ಆ ಮಿತಿಯ ಹೊರಗಿದ್ದರೆ, ಅಥವಾ ಒಳಗೆ ರಿಂಗ್ ಇದ್ದರೆ, ಫೈನೈಟ್ ಎಲಿಮೆಂಟ್ ಮಾಡೆಲ್ ಮಾಡಿ, ಅಂದರೆ ಜಾಯಿಂಟನ್ನು ಸಣ್ಣ ತುಂಡುಗಳ ಬಲೆಯಾಗಿ (ಮೆಶ್) ಒಡೆದು ಲೆಕ್ಕ ಹಾಕಿ. ಮೆಶ್‌ನ ಒಂದೊಂದು ತುಂಡು ಪ್ಲೇಟ್‌ನ ದಪ್ಪದಷ್ಟೇ ಇರಲಿ. ಪ್ಲೇಟ್ ಜಾಯಿಂಟ್ ಆದರೆ ವೆಲ್ಡ್ ಅಂಚಿನಿಂದ ಅರ್ಧ ದಪ್ಪ ಮತ್ತು ಒಂದೂವರೆ ದಪ್ಪ ದೂರದಲ್ಲಿ ಸ್ಟ್ರೆಸ್ ಓದಿ, ಗೆರೆ ಎಳೆದು ಅಂಚಿಗೆ ತನ್ನಿ. ಅಂಚಿನಲ್ಲೇ ಕಂಡ ಸ್ಟ್ರೆಸ್ ತೆಗೆದುಕೊಳ್ಳಬೇಡಿ, ಮೆಶ್ ಸಣ್ಣ ಮಾಡಿದಷ್ಟೂ ಅದು ಏರುತ್ತಲೇ ಹೋಗುತ್ತದೆ.

ಎಸ್-ಎನ್ ಕರ್ವ್, ಆಮೇಲೆ ಕೂಡುವುದು

ಇಷ್ಟು ಏರಿಳಿತ ಆದರೆ ಎಷ್ಟು ಸಲಕ್ಕೆ ಬಿರುಕು ಪ್ಲೇಟ್ ದಾಟುತ್ತದೆ ಅನ್ನುವುದನ್ನು ಎಸ್-ಎನ್ ಕರ್ವ್ ಹೇಳುತ್ತದೆ. ಎಸ್ ಅಂದರೆ ಸ್ಟ್ರೆಸ್‌ನ ಏರಿಳಿತ, ಎನ್ ಅಂದರೆ ಎಷ್ಟು ಸಲ. ನಾರ್ವೆಯ ಡಿಎನ್‌ವಿ ಸಂಸ್ಥೆಯ ಸಿ203 ಕೈಪಿಡಿಯಲ್ಲಿ ಬಿ1ರಿಂದ ಡಬ್ಲ್ಯೂ3ವರೆಗೆ ಹಲವು ಕರ್ವ್‌ಗಳಿವೆ, ವೆಲ್ಡ್‌ನ ಆಕಾರ ನೋಡಿ ಆರಿಸಬೇಕು. ಇವು ಸರಾಸರಿ ಗೆರೆಗಳಲ್ಲ. ಪರೀಕ್ಷೆಯ ಸರಾಸರಿಯಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಕೆಳಗೆ ಎಳೆದವು, ಅಂದರೆ 97.7 ಶೇಕಡಾ ತುಂಡುಗಳು ಇದಕ್ಕಿಂತ ಹೆಚ್ಚು ತಾಳುತ್ತವೆ.

ಹಾಟ್ ಸ್ಪಾಟ್ ಸ್ಟ್ರೆಸ್‌ಗೆ ಡಿ ಕರ್ವ್ ಹಿಡಿದು ಒಂದು ಲೆಕ್ಕ ಮಾಡೋಣ. ನೀರಿನೊಳಗೆ, ಆನೋಡ್ ರಕ್ಷಣೆ ಇರುವಾಗ, ಹತ್ತು ಲಕ್ಷ ಸಲದವರೆಗೆ ಲಾಗ್ ಎನ್ ಅಂದರೆ 11.764 ಕಳೆ 3 ಲಾಗ್ ಎಸ್. ಅದರ ಆಚೆ 15.606 ಕಳೆ 5 ಲಾಗ್ ಎಸ್. ಎರಡೂ ಗೆರೆ ಸೇರುವುದು 83.4 ಮೆಗಾಪ್ಯಾಸ್ಕಲ್‌ನಲ್ಲಿ. ಒಂದು ಜಾಯಿಂಟ್‌ಗೆ ವರ್ಷದ ಏರಿಳಿತ ಹೀಗಿದೆ ಅಂತ ಇಟ್ಟುಕೊಳ್ಳೋಣ, ಅಂಕಿಗಳು ಉದಾಹರಣೆಗೆ ನಾನು ಹಾಕಿದವು:

10 ಮೆಗಾಪ್ಯಾಸ್ಕಲ್, 40 ಲಕ್ಷ ಸಲ: ಡ್ಯಾಮೇಜ್ 0.0001
30 ಮೆಗಾಪ್ಯಾಸ್ಕಲ್, 8 ಲಕ್ಷ ಸಲ: 0.0048
60 ಮೆಗಾಪ್ಯಾಸ್ಕಲ್, 50 ಸಾವಿರ ಸಲ: 0.0096
100 ಮೆಗಾಪ್ಯಾಸ್ಕಲ್, 2 ಸಾವಿರ ಸಲ: 0.0034
150 ಮೆಗಾಪ್ಯಾಸ್ಕಲ್, 50 ಸಲ: 0.0003

ಪ್ರತಿ ಸಾಲಿನಲ್ಲೂ ಎಷ್ಟು ಸಲ ಬಂತು ಅನ್ನುವುದನ್ನು ಎಷ್ಟು ಸಲ ತಾಳುತ್ತದೆ ಅನ್ನುವುದರಿಂದ ಭಾಗಿಸಿದೆ, ಅಷ್ಟೇ. ಇದು ಪಾಮ್‌ಗ್ರೆನ್ 1924ರಲ್ಲಿ, ಮೈನರ್ 1945ರಲ್ಲಿ ಹೇಳಿದ ನಿಯಮ. ಕೂಡಿದರೆ ವರ್ಷಕ್ಕೆ 0.0183. ಮೊತ್ತ 1 ಆದಾಗ ಆಯಸ್ಸು ಮುಗಿಯಿತು ಅಂತ ಲೆಕ್ಕ, ಅಂದರೆ ಸುಮಾರು 55 ವರ್ಷ.

ಈ ಐದು ಸಾಲನ್ನು ಸ್ವಲ್ಪ ಹೊತ್ತು ನೋಡಿ. ದೊಡ್ಡ ಬಿರುಗಾಳಿಯ 150ರ ಸಾಲು ಮಾಡಿದ ಹಾನಿ ನೂರಕ್ಕೆ ಎರಡೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಹಾನಿ 60ರ ಸಾಲಿನದು. ಮಧ್ಯಮ ಅಲೆಗಳೇ ಉಕ್ಕನ್ನು ತಿನ್ನುತ್ತವೆ. ಹಾಗಾಗಿ ಸ್ಕ್ಯಾಟರ್ ಡಯಾಗ್ರಾಂನ ನಡುವಿನ ಚೌಕಗಳಲ್ಲಿ ತಪ್ಪಿದ್ದರೆ ಇಡೀ ಉತ್ತರ ತಪ್ಪು.

ಈಗ ನಿಜವಾದ ಎಸ್‌ಸಿಎಫ್ ನಾವು ಹಿಡಿದದ್ದಕ್ಕಿಂತ 20 ಶೇಕಡಾ ಜಾಸ್ತಿ ಇತ್ತು ಅಂದುಕೊಳ್ಳಿ. ಎಲ್ಲ ಸಾಲನ್ನೂ 1.2ರಿಂದ ಗುಣಿಸಿ ಮತ್ತೆ ಕೂಡಿದರೆ ವರ್ಷಕ್ಕೆ 0.0427. ಆಯಸ್ಸು 23 ವರ್ಷ. ಸ್ಟ್ರೆಸ್‌ನಲ್ಲಿ ಐದನೇ ಒಂದು ಭಾಗ ತಪ್ಪಿದರೆ ಆಯಸ್ಸು ಅರ್ಧಕ್ಕಿಂತ ಕಡಿಮೆ! ಮೂರನೇ ಘಾತ, ಐದನೇ ಘಾತ ಅಂದರೆ ಇದೇ. ಹಾಗಾಗಿ ನಿಮ್ಮ ಸಮಯವನ್ನೆಲ್ಲ ಸ್ಟ್ರೆಸ್ ಸರಿ ಮಾಡುವುದಕ್ಕೆ ಕೊಡಿ. ಕೂಡುವ ಕೆಲಸ ಎಕ್ಸೆಲ್ ಮಾಡುತ್ತದೆ.

ಪ್ಲೇಟ್ ದಪ್ಪಕ್ಕೂ ಒಂದು ತಿದ್ದುಪಡಿ ಇದೆ, ಮರೆಯಬೇಡಿ. 25 ಮಿಲಿಮೀಟರ್‌ಗಿಂತ ದಪ್ಪ ಆದಷ್ಟೂ ವೆಲ್ಡ್ ಅಂಚು ಬೇಗ ಸೋಲುತ್ತದೆ. ನಮ್ಮ ಪ್ಲೇಟ್ 40 ಮಿಲಿಮೀಟರ್ ಇದ್ದರೆ, ಘಾತ 0.2 ಹಿಡಿದು, ಸ್ಟ್ರೆಸ್ ಸುಮಾರು 10 ಶೇಕಡಾ ಏರಿದ ಹಾಗೆ. 55 ವರ್ಷ ಇದ್ದದ್ದು 35ಕ್ಕೆ ಇಳಿಯುತ್ತದೆ.

ಇನ್ನು ಆನೋಡ್. ರಕ್ಷಣೆ ಹೋಗಿ ಉಕ್ಕು ನೀರಲ್ಲಿ ಬರಿಮೈಯಲ್ಲಿ ತುಕ್ಕು ಹಿಡಿಯುತ್ತಿದ್ದರೆ ಕರ್ವ್ ಬದಲಾಗುತ್ತದೆ. 11.687 ಕಳೆ 3 ಲಾಗ್ ಎಸ್, ಕೊನೆವರೆಗೂ ಒಂದೇ ಗೆರೆ. ಅದೇ ಐದು ಸಾಲು ಹಾಕಿ ನೋಡಿ, ವರ್ಷಕ್ಕೆ 0.0793 ಬರುತ್ತದೆ. ಆಯಸ್ಸು 12.6 ವರ್ಷ. ಮೊದಲು ಲೆಕ್ಕಕ್ಕೇ ಇಲ್ಲದಿದ್ದ 10ರ ಸಾಲು ಈಗ ಹತ್ತನೇ ಒಂದು ಭಾಗ ಹಾನಿ ಮಾಡುತ್ತಿದೆ, 30ರ ಸಾಲು ಅರ್ಧಕ್ಕಿಂತ ಹೆಚ್ಚು. ಸಣ್ಣ ಅಲೆಗೂ ಉಕ್ಕು ದಣಿಯಲು ಶುರುವಾಯಿತು ಅಂತ ಅರ್ಥ. ಆನೋಡ್ ಸವೆದಿರುವುದು ಫಟೀಗ್ ಲೆಕ್ಕದವರ ವಿಷಯ ಅಲ್ಲ ಅಂತ ಯಾರಾದರೂ ಹೇಳಿದರೆ ಈ ಎರಡು ಅಂಕಿ ತೋರಿಸಿ.

55 ವರ್ಷ ಅಂದರೆ 55 ವರ್ಷ ಅಲ್ಲ

ಬಂದ ಆಯಸ್ಸನ್ನು ಡಿಸೈನ್ ಫಟೀಗ್ ಫ್ಯಾಕ್ಟರ್, ಅಂದರೆ ಸುರಕ್ಷತೆಗೆ ಅಂತ ಇಟ್ಟುಕೊಳ್ಳುವ ಅಂಕಿಯಿಂದ ಭಾಗಿಸಬೇಕು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಆರ್‌ಪಿ 2ಎ ಕೈಪಿಡಿಯ ಪ್ರಕಾರ ಹತ್ತಿರ ಹೋಗಿ ನೋಡಬಹುದಾದ, ಮುರಿದರೂ ಕಟ್ಟಡ ಬೀಳದ ಜಾಯಿಂಟ್‌ಗೆ 2. ನೋಡಲಾಗದಿದ್ದರೆ 5. ಮುರಿದರೆ ಕಟ್ಟಡವೇ ಹೋಗುತ್ತದೆ ಅನ್ನುವಂಥದ್ದಾದರೆ, ನೋಡಬಹುದಾದದ್ದಕ್ಕೆ 5, ನೋಡಲಾಗದ್ದಕ್ಕೆ 10. ನಮ್ಮ ಜಾಯಿಂಟ್ ಮೊದಲ ಗುಂಪಿನದಾದರೆ 27 ವರ್ಷ, 25 ವರ್ಷದ ಡಿಸೈನ್‌ಗೆ ಸಾಕು. ಕೊನೆಯ ಗುಂಪಿನದಾದರೆ ಐದೂವರೆ ವರ್ಷ! ಅದೇ ಉಕ್ಕು, ಅದೇ ಅಲೆ. ಆದ್ದರಿಂದ ಯಾವ ಜಾಯಿಂಟ್ ಯಾವ ಗುಂಪು ಅನ್ನುವುದನ್ನು ಒಬ್ಬರೇ ಕೂತು ತೀರ್ಮಾನಿಸಬೇಡಿ. ಒಂದೊಂದು ಬ್ರೇಸನ್ನು ಮಾಡೆಲ್‌ನಿಂದ ತೆಗೆದು ಉಳಿದದ್ದು ನಿಲ್ಲುತ್ತದೆಯಾ ಅಂತ ನೋಡಿ. ಕೀಲಾಂಡ್‌ಗೆ ಈ ಪ್ರಶ್ನೆ ಹಾಕಿದ್ದರೆ ಒಂದು ಬ್ರೇಸ್ ಹೋದರೆ ಉಳಿದವು ನಿಲ್ಲುವುದಿಲ್ಲ ಅಂತ ಕಾಗದದ ಮೇಲೇ ಗೊತ್ತಾಗುತ್ತಿತ್ತು.

ಆಯಸ್ಸು ಸಾಲದಿದ್ದರೆ ಏನು ಮಾಡುವುದು? ಕಾಲಿನ ದಪ್ಪ ಜಾಯಿಂಟ್ ಹತ್ತಿರ ಮಾತ್ರ ಹೆಚ್ಚಿಸುವುದು ಒಳ್ಳೆಯ ಮದ್ದು, ಎಸ್‌ಸಿಎಫ್ ಇಳಿಯುತ್ತದೆ. ವೆಲ್ಡ್ ಅಂಚನ್ನು ಗ್ರೈಂಡ್ ಮಾಡಿದರೆ ಆಯಸ್ಸು ಎರಡು ಪಟ್ಟು ಆಗಬಹುದು. ಆದರೆ ಡಿಸೈನ್ ಹಂತದಲ್ಲೇ ಅದನ್ನು ನಂಬಿ ಕೂರಬೇಡಿ, ಮುಂದೆ ಲೆಕ್ಕ ತಪ್ಪಿದಾಗ ಕೈಗೆ ಏನಾದರೂ ಉಳಿದಿರಬೇಕಲ್ವಾ. ಸಣ್ಣ ತುಂಡುಗಳ ಮಟ್ಟಿಗೆ ಮದ್ದು ಇನ್ನೂ ಸುಲಭ. ಅಲ್ಲಿ ವೆಲ್ಡ್ ಮಾಡಬೇಡಿ. ಅರ್ಧ ಮೀಟರ್ ಆಚೆ ಸರಿಸಿ, ಇಲ್ಲವೇ ಕ್ಲಾಂಪ್ ಹಾಕಿ.

ಹಳೇ ಪ್ಲಾಟ್‌ಫಾರಂ ಆದರೆ ಮಾತು ಬೇರೆ. ಮುಂಬೈ ಹೈನಲ್ಲೂ ಉತ್ತರ ಸಮುದ್ರದಲ್ಲೂ 25 ವರ್ಷ ದಾಟಿ ದುಡಿಯುತ್ತಿರುವ ಜಾಕೆಟ್‌ಗಳಿವೆ. ಇಲ್ಲಿ ಮೈನರ್ ಮೊತ್ತ 1 ದಾಟಿತು ಅಂದ ಮಾತ್ರಕ್ಕೆ ಮುರಿದಿದೆ ಅಂತಲ್ಲ, ದಾಟಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲೂ ಅಲ್ಲ. ಬಿರುಕು ಬೆಳೆಯುವ ಲೆಕ್ಕ, ಅಂದರೆ ಪ್ಯಾರಿಸ್ ನಿಯಮ ಹಿಡಿದು, ಇಷ್ಟು ಸಣ್ಣ ಬಿರುಕು ಕಣ್ಣಿಗೆ ಬೀಳದೆ ಉಳಿದಿದ್ದರೆ ಪ್ಲೇಟ್ ದಾಟಲು ಎಷ್ಟು ವರ್ಷ ಬೇಕು ಅಂತ ತೆಗೆಯಿರಿ. ಮುಂದಿನ ತಪಾಸಣೆ ಆ ಅವಧಿಯ ಅರ್ಧಕ್ಕಿಂತ ಮುಂಚೆ ಇರಲಿ, ಒಂದು ಸಲ ತಪ್ಪಿದರೂ ಇನ್ನೊಂದು ಅವಕಾಶ ಸಿಗುತ್ತದೆ. ಬ್ರೇಸ್‌ನೊಳಗೆ ನೀರು ತುಂಬಿದೆಯಾ ಅಂತ ನೋಡುವ ತಪಾಸಣೆ ಅಗ್ಗ, ಬೇಗ ಆಗುತ್ತದೆ. ಆದರೆ ಅದಕ್ಕೆ ಬಿರುಕು ಸಿಗುವುದು ಪ್ಲೇಟ್ ದಾಟಿದ ಮೇಲೆ. ಮುರಿದರೆ ಕಟ್ಟಡ ಬೀಳುವಂಥ ಜಾಯಿಂಟ್‌ಗೆ ಅದನ್ನೇ ನಂಬಬೇಡಿ, ವೆಲ್ಡ್ ಉಜ್ಜಿ ಮ್ಯಾಗ್ನೆಟಿಕ್ ಪಾರ್ಟಿಕಲ್ ಅಥವಾ ಎಸಿಎಫ್‌ಎಂ ಪರೀಕ್ಷೆ ಕೇಳಿ, ಇವು ಪ್ಲೇಟ್ ದಾಟದ ಮೇಲ್ಮೈ ಬಿರುಕನ್ನೂ ಹಿಡಿಯುತ್ತವೆ.

ವರದಿ ಕಳಿಸುವ ಮುಂಚೆ ಇನ್ನೊಂದು ಕೆಲಸ. ನೀವು ಕೆಂಪು ಸುತ್ತು ಹಾಕಿದ್ದು ಡಿಸೈನ್ ಡ್ರಾಯಿಂಗ್ ಮೇಲೆ. ಯಾರ್ಡ್‌ನಿಂದ ಆಸ್-ಬಿಲ್ಟ್ ಡ್ರಾಯಿಂಗ್, ಅಂದರೆ ನಿಜಕ್ಕೂ ಕಟ್ಟಿದ ಹಾಗೆ ಬರೆದದ್ದನ್ನು, ತರಿಸಿ, ಕಟ್ಟುವಾಗ ಅನುಕೂಲಕ್ಕೆ ಅಂತ ವೆಲ್ಡ್ ಮಾಡಿ ಆಮೇಲೆ ಕತ್ತರಿಸಿದ ತುಂಡುಗಳ ಪಟ್ಟಿಯನ್ನೂ ಕೇಳಿ. ಕತ್ತರಿಸಿದ ಜಾಗ ನುಣ್ಣಗೆ ಗ್ರೈಂಡ್ ಆಗಿದೆಯಾ, ಅಲ್ಲಿ ಬಿರುಕಿನ ಪರೀಕ್ಷೆ ಆಗಿದೆಯಾ ಅಂತ ಒಂದೊಂದಾಗಿ ಟಿಕ್ ಹಾಕಿ. ಬಣ್ಣ ಬಳಿಯುವುದು ಅದಾದ ಮೇಲೆ.